ಎರಡು ದೋಣಿ, ಒಂದು ಕಡತ

ಹಳೆಯ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಜೊತೆಗೆ ಲಿನಕ್ಸನ್ನೂ ಹಾಕಿಕೊಳ್ಳುತ್ತೇನೆ ಎಂದ ದಿನ ಹಿರಿಯ ಮಿತ್ರರೊಬ್ಬರು ಕಾಫಿ ಲೋಟ ಕೆಳಗಿಟ್ಟರು. ‘ಎರಡು ದೋಣಿ ಮೇಲೆ ಕಾಲಿಟ್ಟವನ ಗತಿ ಗೊತ್ತಲ್ಲ? ಇದ್ದಬದ್ದ ಫೈಲೆಲ್ಲ ಹೋಗ್ತವೆ. ಆಮೇಲೆ ನನ್ನ ಹತ್ರ ಬಂದು ಗೋಳಾಡಬೇಡಿ’ ಎಂದರು. ಅವರು ಬ್ಯಾಂಕಿನಲ್ಲಿ ಮೂವತ್ತು ವರ್ಷ ದುಡಿದವರು. ಲೆಡ್ಜರು ಹೋಗಿ ಕಂಪ್ಯೂಟರ್ ಬಂದದ್ದನ್ನು ಕೌಂಟರಿನ ಒಳಗೆ ಕೂತೇ ಕಂಡವರು. ಅವರ ಮಾತನ್ನು ಹಗುರವಾಗಿ ತಳ್ಳಿಹಾಕುವ ಧೈರ್ಯ ನನಗಿಲ್ಲ. ಆದರೂ ಈ ಒಂದು ವಿಷಯದಲ್ಲಿ ಅವರು ಕಾವಲು ಕೂತ ಬಾಗಿಲೇ ಬೇರೆ, ಕಳ್ಳ ಬರುವ ಬಾಗಿಲೇ ಬೇರೆ ಎಂದು ನನಗೆ ಅನ್ನಿಸಿದೆ. ಅವರೂ ಓದುತ್ತಾರೆಂಬ ಭರವಸೆಯಿಂದ ಬರೆಯುತ್ತಿದ್ದೇನೆ.

ಆಪರೇಟಿಂಗ್ ಸಿಸ್ಟಮ್ ಎಂಬುದಕ್ಕೆ ಕನ್ನಡದಲ್ಲಿ ಕಾರ್ಯಾಚರಣ ವ್ಯವಸ್ಥೆ ಎನ್ನುತ್ತಾರೆ. ಪಠ್ಯಪುಸ್ತಕದ ಹೊರಗೆ ಯಾರ ಬಾಯಲ್ಲೂ ನಾನು ಆ ಮಾತು ಕೇಳಿಲ್ಲ. ಇಲ್ಲಿ ಓಎಸ್ ಎಂದೇ ಬರೆಯುತ್ತೇನೆ.

ನನ್ನ ಲ್ಯಾಪ್‌ಟಾಪಿನಲ್ಲಿದ್ದದ್ದು ವಿಂಡೋಸ್ 10. ಅದಕ್ಕೆ ಕಂಪನಿಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಈ ಯಂತ್ರದಲ್ಲಿಲ್ಲ. ಪರದೆ ಚೆನ್ನಾಗಿದೆ, ಕೀಲಿಮಣೆಯಲ್ಲಿ ಎರಡು ಅಕ್ಷರ ಸವೆದಿವೆ ಅಷ್ಟೆ. ಎಸೆಯಲು ಮನಸ್ಸಾಗದೆ ಒಂದು ಭಾನುವಾರ ಲಿನಕ್ಸ್ ಮಿಂಟ್ ಅನ್ನು ಪಕ್ಕದಲ್ಲಿ ಕೂರಿಸಿದೆ. ಗುಂಡಿ ಒತ್ತಿದರೆ ಈಗ ‘ಯಾವುದು ಬೇಕು’ ಎಂದು ಯಂತ್ರ ಕೇಳುತ್ತದೆ.

ಹೊಸ ಓಎಸ್ ಎದ್ದು ನಿಂತ ಮೇಲೆ ಮೊದಲು ತೆರೆದದ್ದು ಡಾಕ್ಯುಮೆಂಟ್ಸ್ ಫೋಲ್ಡರ್. ಖಾಲಿ. ಪಿಕ್ಚರ್ಸ್ ನೋಡಿದೆ, ಅದೂ ಖಾಲಿ. ಒಂದು ಗಳಿಗೆ ಎದೆ ಧಸಕ್ಕೆಂದಿತು. ಆ ಯಂತ್ರದಲ್ಲಿ ನಮ್ಮಪ್ಪನ 62 ಪುಟಗಳ ನೆನಪಿನ ಬರಹ ಇತ್ತು. 2005ರಲ್ಲಿ, ಶಾಲೆಯಿಂದ ನಿವೃತ್ತರಾದ ಮೇಲೆ, ಒಂದೊಂದೇ ಬೆರಳಿನಲ್ಲಿ ಕೂತು ಕುಟ್ಟಿದ್ದು. ಪಕ್ಕದ ಬೀದಿಯ ರಿಪೇರಿ ಅಂಗಡಿಗೆ ಫೋನು ಮಾಡಿದರೆ, ಅವರು ಯಂತ್ರ ನೋಡದೆಯೇ ‘ಡೇಟಾ ರಿಕವರಿ ಮಾಡ್ಬೇಕಾಗುತ್ತೆ ಸಾರ್’ ಎಂದು ಸಾವಿರಗಳ ಲೆಕ್ಕ ಹೇಳಿದರು.

ಕಡತ ಎಲ್ಲಿಗೂ ಹೋಗಿರಲಿಲ್ಲ. ನಾನು ತೆರೆದದ್ದು ಹೊಸ ಮನೆಯ ಬೀರುವನ್ನು. ಹಳೆಯ ಬೀರು ಹಳೆಯ ಮನೆಯಲ್ಲೇ ಇತ್ತು. ಫೈಲ್ ಮ್ಯಾನೇಜರಿನ ಎಡಗಡೆಯ ಪಟ್ಟಿಯಲ್ಲಿ ಇಷ್ಟು ಜಿಬಿ ವಾಲ್ಯೂಮ್ ಎಂದು ಹೆಸರಿಲ್ಲದ ಒಂದು ಸಾಲು ಇರುತ್ತದೆ. ಅದೇ ವಿಂಡೋಸಿನ ಸಿ ಡ್ರೈವ್. ಕ್ಲಿಕ್ ಮಾಡಿದೆ. ಯೂಸರ್ಸ್, ಅದರೊಳಗೆ ನನ್ನ ಹೆಸರು, ಅದರೊಳಗೆ ಡಾಕ್ಯುಮೆಂಟ್ಸ್, ಅದರೊಳಗೆ ‘ಅಪ್ಪ ಫೈನಲ್ 2’. ತಾರೀಖು ಕೂಡ ಹಾಗೇ ಇತ್ತು.

ಜಮೀನು ಪಾಲಾಗುವುದನ್ನು ಕಂಡವರಿಗೆ ಇದರಲ್ಲಿ ಅಚ್ಚರಿಯೇನಿಲ್ಲ. ಒಂದು ಸರ್ವೆ ನಂಬರು, ಇಬ್ಬರು ಅಣ್ಣತಮ್ಮಂದಿರು. ಸರ್ವೆಯರು ಬಂದು ಪೋಡಿ ಮಾಡುತ್ತಾರೆ, 42 ಎಂದಿದ್ದದ್ದು 42/1, 42/2 ಆಗುತ್ತದೆ. ಪೋಡಿ ಆದ ಮಾತ್ರಕ್ಕೆ ಅಣ್ಣನ ಹಿಸ್ಸೆಯ ತೆಂಗಿನಮರ ಬೀಳುವುದಿಲ್ಲ. ಎರಡನೆಯ ಓಎಸ್ ಹಾಕುವಾಗ ಡಿಸ್ಕಿನಲ್ಲಿ ಆಗುವುದೂ ಇದೇ ಪೋಡಿ: ಹಳೆಯ ಹಿಸ್ಸೆಯನ್ನು ಸ್ವಲ್ಪ ಕುಗ್ಗಿಸಿ, ಅಂಚಿನಲ್ಲಿದ್ದ ಕಡತಗಳನ್ನು ಒಳಕ್ಕೆ ಸರಿಸಿ, ಬಿಡುವಾದ ಜಾಗಕ್ಕೆ ಹೊಸ ಗಡಿಕಲ್ಲು ನೆಡುವುದು. ಯಾವ ಹಿಸ್ಸೆ ಎಲ್ಲಿಂದ ಎಲ್ಲಿಗೆ ಎಂಬ ಪಹಣಿ ಡಿಸ್ಕಿನ ಮೊದಲಿಗೇ ಇರುತ್ತದೆ. ಹಳೆಯ ಎಂಬಿಆರ್ ಪದ್ಧತಿಯಲ್ಲಿ ಅದಕ್ಕೆ ಸಿಗುತ್ತಿದ್ದದ್ದು ಬರೀ 64 ಬೈಟು ಜಾಗ, ನಾಲ್ಕು ಮುಖ್ಯ ಹಿಸ್ಸೆಗಳಿಗೆ ಸಾಕಾಗುವಷ್ಟು. ಈಗಿನ ಜಿಪಿಟಿ ಪದ್ಧತಿಯಲ್ಲಿ ಪಹಣಿಯ ಇನ್ನೊಂದು ಪ್ರತಿ ಡಿಸ್ಕಿನ ಕೊನೆಯಲ್ಲೂ ಇರುತ್ತದೆ. ತಾಲೂಕು ಕಚೇರಿಯಲ್ಲೊಂದು, ಮನೆಯ ಟ್ರಂಕಿನಲ್ಲೊಂದು ಇದ್ದ ಹಾಗೆ.

ಮಿತ್ರರ ಭಯದಲ್ಲಿ ನಿಜವಿಲ್ಲ ಎಂದು ಇದರರ್ಥವಲ್ಲ. ಓಎಸ್ ಹಾಕುವಾಗ ‘ಪಕ್ಕದಲ್ಲಿ ಹಾಕಲೇ, ಇಡೀ ಡಿಸ್ಕ್ ಅಳಿಸಿ ಹಾಕಲೇ’ ಎಂದು ಅದು ಕೇಳುವ ಪುಟವೊಂದಿದೆ. ಅಲ್ಲಿ ಕೈ ತಪ್ಪಿದರೆ ತೆಂಗಿನಮರವೂ ಹೋಯಿತು, ಹೊಲವೂ ಹೋಯಿತು. ಕುಗ್ಗಿಸುವ ಕೆಲಸ ಅರ್ಧ ಆಗಿದ್ದಾಗ ಕರೆಂಟು ಹೋಗಿ ಬ್ಯಾಟರಿಯೂ ಕೈಕೊಟ್ಟರೆ ಅದೂ ಅಪಾಯವೇ. ಹಳೆಯ ತಿರುಗುವ ಹಾರ್ಡ್‌ಡಿಸ್ಕಿನಲ್ಲಾದರೆ ಪಹಣಿ ಹರಿದರೂ ಮಣ್ಣು ಉಳಿದಿರುತ್ತಿತ್ತು, ಟೆಸ್ಟ್‌ಡಿಸ್ಕ್‌ನಂಥ ಉಚಿತ ಸಾಧನ ಗಡಿಕಲ್ಲುಗಳನ್ನು ಮತ್ತೆ ಹುಡುಕಿ ಕೊಡುತ್ತಿತ್ತು. ಈಗಿನ ಎಸ್‌ಎಸ್‌ಡಿಯಲ್ಲಿ ಟ್ರಿಮ್ ಎಂಬ ಆಜ್ಞೆ ಹೋದರೆ ಖಾಲಿಯಾದ ಜಾಗವನ್ನು ಡಿಸ್ಕೇ ಕೆರೆದು ಹಾಕುತ್ತದೆ. ಆದ್ದರಿಂದ ಮೊದಲು ಬೇರೊಂದು ಡಿಸ್ಕಿಗೆ ನಕಲು ಮಾಡಿಕೊಳ್ಳಿ ಎಂಬ ಅವರ ಬುದ್ಧಿಮಾತಿಗೆ ನನ್ನ ಪೂರ್ತಿ ಸಹಮತವಿದೆ. ನಾನೂ ಹಾಗೇ ಮಾಡಿದ್ದೆ. ನನ್ನ ತಕರಾರು ಇರುವುದು ಆಮೇಲಿನ ಮಾತಿಗೆ. ‘ಹೊಸದು ಬಂತು, ಹಳೆಯದು ಕಾಣುತ್ತಿಲ್ಲ, ಹಾಗಾದರೆ ಹೊಸದೇ ನುಂಗಿತು’ ಎಂಬ ತೀರ್ಪಿಗೆ.

ಯಾರು ಯಾರನ್ನು ಕಾಣಗೊಡುವುದಿಲ್ಲ ಎಂಬುದನ್ನು ಲೆಕ್ಕ ಹಾಕಿ ನೋಡಿ. ವಿಂಡೋಸ್ ತನ್ನ ಕಡತಗಳನ್ನು ಜೋಡಿಸಿಡುವ ರೀತಿಗೆ ಎನ್‌ಟಿಎಫ್‌ಎಸ್ ಎಂದು ಹೆಸರು. 1993ರಲ್ಲಿ ವಿಂಡೋಸ್ ಎನ್‌ಟಿ 3.1 ಜೊತೆ ಬಂದದ್ದು. ಅದರ ಒಳಗಿನ ವಿವರಗಳನ್ನು ಕಂಪನಿ ಪೂರ್ತಿಯಾಗಿ ಹೊರಗಿಟ್ಟದ್ದಿಲ್ಲ. ಲಿನಕ್ಸಿನ ಜನ ಡಿಸ್ಕುಗಳನ್ನು ಬೈಟು ಬೈಟಾಗಿ ನೋಡಿ, ಊಹಿಸಿ, ತಿದ್ದಿಕೊಂಡು, ಅಪರಿಚಿತ ಲಿಪಿಯ ಶಾಸನ ಓದುವವರ ತಾಳ್ಮೆಯಿಂದ ಅದನ್ನು ಕಲಿತರು. ಧೈರ್ಯವಾಗಿ ಓದಿ ಬರೆಯಬಹುದಾದ ಎನ್‌ಟಿಎಫ್‌ಎಸ್-3ಜಿ 2007ರಲ್ಲಿ ಸಿದ್ಧವಾಯಿತು. 2021ರಲ್ಲಿ ಲಿನಕ್ಸ್ ಕರ್ನೆಲ್ 5.15ರೊಳಗೇ ಪ್ಯಾರಗಾನ್ ಕಂಪನಿ ಕೊಟ್ಟ ಹೊಸ ಚಾಲಕ ಸೇರಿಕೊಂಡಿತು. ಅತ್ತ ಲಿನಕ್ಸಿನ ಇಎಕ್ಸ್‌ಟಿ4 ಪದ್ಧತಿ 2008ರಿಂದ ಎಲ್ಲರೆದುರು ತೆರೆದಿಟ್ಟ ಪುಸ್ತಕ. ಆದರೂ ಆ ಪದ್ಧತಿಯ ಪೆನ್‌ಡ್ರೈವನ್ನು ವಿಂಡೋಸಿಗೆ ಚುಚ್ಚಿದರೆ ‘ಈ ಡಿಸ್ಕನ್ನು ಬಳಸುವ ಮುನ್ನ ಫಾರ್ಮ್ಯಾಟ್ ಮಾಡಬೇಕು, ಮಾಡಲೇ?’ ಎಂದು ಕೇಳುವುದುಂಟು. ಭಾಷೆ ಬಾರದ ಅತಿಥಿ ಗೋಡೆಯ ಬರಹ ನೋಡಿ ‘ಯಾರೋ ಗೀಚಿದ್ದಾರೆ, ಸುಣ್ಣ ಬಳಿದುಬಿಡಲೇ?’ ಎಂದ ಹಾಗೆ. ವಿಂಡೋಸಿನೊಳಗೇ ಲಿನಕ್ಸ್ ನಡೆಸುವ ಡಬ್ಲ್ಯೂಎಸ್‌ಎಲ್ ಮೂಲಕ ಇಎಕ್ಸ್‌ಟಿ4 ಓದುವ ದಾರಿ ಈಗ ಇದೆ ನಿಜ, ಆದರೆ ಅದು ಆಜ್ಞೆ ಟೈಪ್ ಮಾಡಬಲ್ಲವರಿಗೆ ಮಾತ್ರ. ದೋಣಿ ಎರಡಾದರೂ, ಇನ್ನೊಂದು ದೋಣಿಯ ಭಾಷೆ ಕಲಿಯುವ ಕಷ್ಟ ಪಟ್ಟದ್ದು ಹೊಸದಾಗಿ ಬಂದದ್ದೇ.

ಅಪ್ಪನ ಕಡತ ಕಣ್ಣಿಗೆ ಬಿತ್ತು, ಆದರೆ ಅದೇ ಫೋಲ್ಡರಿನಲ್ಲಿ ಏನನ್ನೂ ಉಳಿಸಲು ಆಗಲಿಲ್ಲ. ‘ರೀಡ್ ಓನ್ಲಿ’ ಎಂದಿತು. ಇದನ್ನು ಕಂಡು ಹೊಸ ಓಎಸ್ ಹಳೆಯದರ ಮೇಲೆ ಮುನಿಸಿಕೊಂಡಿದೆ ಎಂದು ಬಯ್ಯುವವರನ್ನು ನೋಡಿದ್ದೇನೆ. ಕಾರಣ ಬೇರೆ. ವಿಂಡೋಸ್ 8ರಿಂದ, ಅಂದರೆ 2012ರಿಂದ, ಶಟ್‌ಡೌನ್ ಎಂದರೆ ಪೂರ್ತಿ ಮಲಗುವುದಲ್ಲ. ಮರುದಿನ ಬೇಗ ಏಳಲೆಂದು ಒಳಗಿನ ಸ್ಥಿತಿಯನ್ನು ಒಂದು ಕಡತಕ್ಕೆ ಬರೆದಿಟ್ಟು ಅರೆನಿದ್ದೆಗೆ ಜಾರುತ್ತದೆ. ಫಾಸ್ಟ್ ಸ್ಟಾರ್ಟಪ್ ಎನ್ನುವುದು ಇದನ್ನೇ. ಮನೆಯೊಡೆಯ ಎಲೆ ಹಾಕಿ ಬಡಿಸಿಟ್ಟು ಕೈತೊಳೆಯಲು ಹೋಗಿದ್ದಾನೆ, ಆಗ ಬಂದವನು ಎಲೆ ಮುಟ್ಟಬಾರದು. ಲಿನಕ್ಸ್ ಮುಟ್ಟುವುದಿಲ್ಲ. ಅದು ಮುನಿಸಲ್ಲ, ಮರ್ಯಾದೆ. ಬಲವಂತವಾಗಿ ಬರೆಯುವ ಉಪಾಯಗಳೂ ಇವೆ, ಆದರೆ ಆ ದಾರಿ ಹಿಡಿದರೆ ವಿಂಡೋಸ್ ಬರೆದಿಟ್ಟುಕೊಂಡ ಸ್ಥಿತಿ ಹಾಳಾಗುತ್ತದೆ. ತಮಾಷೆಯೆಂದರೆ ಶಟ್‌ಡೌನ್ ಬದಲು ರೀಸ್ಟಾರ್ಟ್ ಕೊಟ್ಟರೆ ವಿಂಡೋಸ್ ಪೂರ್ತಿ ಮಲಗಿ ಏಳುತ್ತದೆ. ಮತ್ತೆ ಎದ್ದೇಳು ಎಂದರೆ ಮಾತ್ರ ಸರಿಯಾಗಿ ಮಲಗುವ ಮಗುವನ್ನು ಸಾಕಿದವರಿಗೆ ಇದು ಅರ್ಥವಾಗುತ್ತದೆ.

ಇಲ್ಲಿ ಇನ್ನೊಂದು ಸಂಗತಿ ನನ್ನನ್ನು ಚುಚ್ಚಿತು. ಅಪ್ಪನ ಕಡತ ಸಿಕ್ಕ ಖುಷಿಯಲ್ಲಿ ನಾನು ಗಮನಿಸದೆ ಹೋದದ್ದೇನೆಂದರೆ, ಹೊಸ ಓಎಸ್ ವಿಂಡೋಸಿನ ಪಾಸ್‌ವರ್ಡನ್ನು ಕೇಳಲೇ ಇಲ್ಲ. ಇಷ್ಟು ವರ್ಷ ದಿನಕ್ಕೆ ನಾಲ್ಕು ಸಲ ಒತ್ತಿದ ಆ ಪಾಸ್‌ವರ್ಡ್ ಕಾಯುತ್ತಿದ್ದದ್ದು ಮುಂಬಾಗಿಲನ್ನು ಮಾತ್ರ, ಹಿತ್ತಿಲಲ್ಲಿ ಗೋಡೆಯೇ ಇರಲಿಲ್ಲ. ಪೆನ್‌ಡ್ರೈವಿನಲ್ಲಿ ಲಿನಕ್ಸ್ ಹಾಕಿಕೊಂಡು ಬಂದ ಯಾರಾದರೂ ಇದೇ ಕೆಲಸ ಮಾಡಬಹುದಿತ್ತು. ಕಡತ ಕಾಣುತ್ತಿಲ್ಲ ಎಂದು ಗಾಬರಿಪಡುವ ನಾವು, ಇಷ್ಟು ಸಲೀಸಾಗಿ ಕಂಡದ್ದಕ್ಕೆ ಗಾಬರಿಪಡಬೇಕಿತ್ತು. ನಿಜವಾದ ಗೋಡೆ ಕಟ್ಟುವುದು ಬಿಟ್‌ಲಾಕರ್‌ನಂಥ ಗೂಢಲಿಪೀಕರಣ. ಈಚಿನ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕರೆ ಅದು ತಾನಾಗಿಯೇ ಜಾರಿಗೆ ಬಂದಿರುತ್ತದೆ. ಅಂಥ ಡಿಸ್ಕನ್ನು ಲಿನಕ್ಸಿನಿಂದ ಕ್ಲಿಕ್ಕಿಸಿದರೆ 48 ಅಂಕಿಗಳ ಕೀಲಿ ಕೇಳುತ್ತದೆ, ಆರಾರು ಅಂಕಿಯ ಎಂಟು ಗುಂಪು. ಆ ಕೀಲಿ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಎರಡನೆಯ ಓಎಸ್ ಹಾಕುವ ಮೊದಲೇ ಅದನ್ನು ಒಂದು ಕಾಗದದಲ್ಲಿ ಬರೆದಿಟ್ಟುಕೊಂಡವರು ಜಾಣರು. ಡಿಸ್ಕು ಕೀಲಿ ಕೇಳಿತೆಂದು ಬಯ್ಯುವವರು, ಅದು ಕೇಳದಿದ್ದರೆ ಏನಾಗುತ್ತಿತ್ತು ಎಂದು ಒಮ್ಮೆ ಯೋಚಿಸಬೇಕು.

‘ಇದೆಲ್ಲ ರಗಳೆ ಬೇಡ, ಎಲ್ಲ ಕ್ಲೌಡಿಗೆ ಹಾಕಿ ನಿಶ್ಚಿಂತೆಯಿಂದಿರಿ’ ಎನ್ನುವ ಸಲಹೆ ನಮ್ಮ ಮನೆಯ ಕಿರಿಯರದು. ಅದಕ್ಕೂ ಒಂದು ಅಡಿಟಿಪ್ಪಣಿ ಇದೆ. ಒನ್‌ಡ್ರೈವ್ ಬಳಸುವವರ ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿ ಎಷ್ಟೋ ಕಡತಗಳ ಹೆಸರು ಮಾತ್ರ ಇರುತ್ತದೆ, ಒಡಲು ದೂರದ ಸರ್ವರಿನಲ್ಲಿರುತ್ತದೆ. ವಿಂಡೋಸಿನೊಳಗೆ ಕ್ಲಿಕ್ಕಿಸಿದಾಗ ಅದು ಗಪ್‌ಚುಪ್ಪಾಗಿ ಇಳಿಸಿ ತೋರಿಸುವುದರಿಂದ ನಮಗೆ ವ್ಯತ್ಯಾಸ ತಿಳಿಯುವುದಿಲ್ಲ. ಎರಡನೆಯ ಓಎಸ್‌ನಿಂದ ಅದೇ ಹೆಸರನ್ನು ಮುಟ್ಟಿದರೆ ತೆರೆಯುವುದಿಲ್ಲ. ಆಗ ಗೊತ್ತಾಗುತ್ತದೆ, ನನ್ನ ಯಂತ್ರದಲ್ಲಿದೆ ಎಂದುಕೊಂಡದ್ದು ನನ್ನ ಯಂತ್ರದಲ್ಲಿರಲಿಲ್ಲ ಎಂದು. ಕ್ಲೌಡ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ನಮ್ಮ ಒಡವೆ ಮನೆಯಲ್ಲಿದೆಯೋ ಬ್ಯಾಂಕಿನ ಲಾಕರಿನಲ್ಲಿದೆಯೋ ಎಂಬುದಾದರೂ ಗೊತ್ತಿರಬೇಡವೇ?

ಇಷ್ಟೂ ಪೀಠಿಕೆ. ನಿಜವಾದ ಪೆಟ್ಟು ಬಿದ್ದದ್ದು ಕಡತವನ್ನು ತೆರೆದಾಗ.

‘ಅಪ್ಪ ಫೈನಲ್ 2’ರ ಮೇಲೆ ಎರಡು ಸಲ ಒತ್ತಿದೆ. ಲಿಬ್ರೆಆಫೀಸ್ ತೆರೆದುಕೊಂಡಿತು. 62 ಪುಟ, ಪ್ಯಾರಾಗಳು ಸರಿಯಾಗಿವೆ, ಪುಟಸಂಖ್ಯೆ ಇದೆ. ಅಕ್ಷರ ಮಾತ್ರ ಒಂದೂ ಕನ್ನಡದ್ದಲ್ಲ. ಇಂಗ್ಲಿಷಿನ ದೊಡ್ಡಕ್ಷರ ಸಣ್ಣಕ್ಷರ ಬೆರೆತು, ನಡುನಡುವೆ ತಲೆಯ ಮೇಲೆ ಗೆರೆ ಹೊತ್ತ ಎ, ಜರ್ಮನರ ಎಸ್, ಬ್ರಿಟಿಷರ ಪೌಂಡ್ ಚಿಹ್ನೆ. ‘ಕನ್ನಡ’ ಎಂಬ ಪದ ಇದ್ದ ಕಡೆಯಲ್ಲೆಲ್ಲ ಏಳು ಚಿಹ್ನೆಗಳ ಒಂದು ಗೊಂಚಲು: ದೊಡ್ಡ ಪಿ, ಗೆರೆ ಹೊತ್ತ ಎ, ಪೌಂಡ್, ಮತ್ತೆ ಅದೇ ಎ, ಜರ್ಮನ್ ಎಸ್, ಸಣ್ಣ ಕ್ಯೂ, ಕೊನೆಗೊಂದು ಎ. ಮಿತ್ರರಿಗೆ ತೋರಿಸಿದೆ. ‘ನೋಡಿದಿರಾ, ಹೊಸದು ಹಾಕಿ ಫೈಲು ಕೆಡಿಸಿಕೊಂಡಿರಿ’ ಎಂದರು.

ಕೆಟ್ಟಿರಲಿಲ್ಲ. 2005ರಿಂದಲೂ ಆ ಕಡತ ಹಾಗೇ ಇತ್ತು. ಅದರೊಳಗೆ ಕನ್ನಡ ಎಂದೂ ಇರಲೇ ಇಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕನ್ನಡ ಕಂಪ್ಯೂಟರಿಗೆ ಕಾಲಿಟ್ಟಾಗ ಯಂತ್ರಕ್ಕೆ ಗೊತ್ತಿದ್ದದ್ದು ಇಂಗ್ಲಿಷ್ ಮತ್ತು ಕೆಲವು ಯುರೋಪಿನ ಅಕ್ಷರಗಳಿಗೆ ಕಟ್ಟಿಟ್ಟ ಇನ್ನೂರು ಚಿಲ್ಲರೆ ಮನೆಗಳು. ನಮ್ಮವರು ಒಂದು ಉಪಾಯ ಹೂಡಿದರು. ಪಿ ಇರುವ ಮನೆಯಲ್ಲಿ ತಲೆಕಟ್ಟಿಲ್ಲದ ಕ-ಕಾರದ ಚಿತ್ರ, ಗೆರೆ ಹೊತ್ತ ಎ ಇರುವ ಮನೆಯಲ್ಲಿ ತಲೆಕಟ್ಟಿನ ಚಿತ್ರ ಇರಿಸಿದ ಫಾಂಟುಗಳನ್ನು ಮಾಡಿದರು. ಯಂತ್ರದ ಪಾಲಿಗೆ ಅದು ಪಿ ಮತ್ತು ಎ. ಫಾಂಟು ಇದ್ದರೆ ನಮ್ಮ ಕಣ್ಣಿಗೆ ‘ಕ’. ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ ತಂತ್ರಾಂಶ 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತು ಸರ್ಕಾರಕ್ಕಾಗಿ ‘ನುಡಿ’ಯನ್ನು ರೂಪಿಸಿತು, ಅದರ ಕೀಲಿಮಣೆಗೆ ಕೆ.ಪಿ. ರಾವ್ ಅವರ ವಿನ್ಯಾಸ. ಇಂಥ ಫಾಂಟುಗಳು ಇರದಿದ್ದರೆ ಆ ಕಾಲದ ಅರ್ಜಿ, ಲಗ್ನಪತ್ರಿಕೆ, ಪಠ್ಯ, ಪಿಎಚ್‌ಡಿ ಪ್ರಬಂಧ ಯಾವುದೂ ಕನ್ನಡದಲ್ಲಿ ಟೈಪಾಗುತ್ತಿರಲಿಲ್ಲ. ಅವರ ಋಣ ದೊಡ್ಡದು. ಆಗಿನ ಡಿಟಿಪಿ ಅಂಗಡಿಗಳ ದೇವರು ಪೇಜ್‌ಮೇಕರ್. ಅದರ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ, ಕೊನೆಯವರೆಗೂ ಅದು ಪ್ರತಿ ಲಿಪಿಗೂ ಅದರದೇ ಮನೆ ಕೊಡುವ ಯೂನಿಕೋಡ್ ಪದ್ಧತಿಯನ್ನು ಕಲಿಯಲಿಲ್ಲ. ಹಾಗಾಗಿ 1991ರಲ್ಲೇ ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ವಂತ ಮನೆಗಳು ಸಿಕ್ಕಿದ್ದರೂ, ವಿಂಡೋಸ್ ಎಕ್ಸ್‌ಪಿ ಜೊತೆ ತುಂಗಾ ಫಾಂಟು ಬಂದಿದ್ದರೂ, ನಮ್ಮ ಮುದ್ರಣಾಲಯಗಳು ಬಾಡಿಗೆ ಮನೆಯಲ್ಲೇ ವರ್ಷಾನುಗಟ್ಟಲೆ ಉಳಿದವು.

ಹಳೆಯ ಓಎಸ್‌ನಲ್ಲಿ ಆ ಫಾಂಟು ಇದ್ದದ್ದರಿಂದ ಅಪ್ಪನ ಬರಹ ಕನ್ನಡದಂತೆ ಕಾಣುತ್ತಿತ್ತು. ಹೊಸ ಓಎಸ್ ಇದ್ದದ್ದನ್ನು ಇದ್ದಂತೆ ತೋರಿಸಿತು.

ಫಾಂಟನ್ನು ಹುಡುಕಿಕೊಂಡು ದೂರ ಹೋಗಬೇಕಿರಲಿಲ್ಲ. ಅದೇ ಡಿಸ್ಕಿನ ವಿಂಡೋಸ್ ಹಿಸ್ಸೆಯಲ್ಲಿ, ಫಾಂಟ್ಸ್ ಫೋಲ್ಡರಿನಲ್ಲಿ, ಅದು ಕೂತಿತ್ತು. ನಕಲು ಮಾಡಿ ಹೊಸ ಮನೆಗೆ ತಂದೆ, ಲಿಬ್ರೆಆಫೀಸನ್ನು ಮುಚ್ಚಿ ತೆರೆದೆ. ಪುಟಗಳು ಕಣ್ಣೆದುರೇ ಕನ್ನಡವಾದವು. ಅಪ್ಪನ ಮೊದಲ ಸಾಲು, ಊರಿನ ಬಾವಿಯ ಬಗ್ಗೆ, ಎದ್ದು ಬಂತು. ಹೆಚ್ಚಿನವರು ಇಲ್ಲಿಗೆ ಸಮಾಧಾನಪಟ್ಟು ಎದ್ದುಬಿಡುತ್ತಾರೆ. ನನ್ನ ಭಿನ್ನಾಭಿಪ್ರಾಯ ಶುರುವಾಗುವುದೇ ಇಲ್ಲಿಂದ. ‘ಬಾವಿ’ ಎಂದು ಯೂನಿಕೋಡಿನಲ್ಲಿ ಟೈಪಿಸಿ ಹುಡುಕಿ ಎಂದೆ. ಒಂದೂ ಇಲ್ಲ ಎಂದಿತು, ಆ ಪದ ನನ್ನ ಕಣ್ಣೆದುರು ಮೊದಲ ಸಾಲಿನಲ್ಲೇ ಇರುವಾಗ. ಕಣ್ಣು ಕಾಣದವರಿಗೆ ಓದಿ ಹೇಳುವ ಸ್ಕ್ರೀನ್ ರೀಡರಿಗೆ ಕೊಟ್ಟರೆ ಅದು ಪೌಂಡು, ಕ್ಯೂ ಎಂದು ತೊದಲುತ್ತದೆ. ಕಡತ ಸಿಗುವುದು, ಕಾಣುವುದು, ಓದಲು ಬರುವುದು ಈ ಮೂರನ್ನೂ ನಾವು ಒಂದೇ ಗಂಟಿನಲ್ಲಿ ಕಟ್ಟಿಬಿಟ್ಟಿದ್ದೇವೆ. ಎರಡನೆಯ ಓಎಸ್ ಆ ಗಂಟು ಬಿಚ್ಚಿತು, ಅಷ್ಟೇ ಅದು ಮಾಡಿದ ತಪ್ಪು.

ಪರಿವರ್ತಕಗಳಿವೆ. ಈ ಹಳೆಯ ಸಂಕೇತಗಳನ್ನು ಯೂನಿಕೋಡಿಗೆ ತರುವ ಉಚಿತ ತಂತ್ರಾಂಶಗಳನ್ನು ಕನ್ನಡದ ಸ್ವಯಂಸೇವಕರೇ ಬರೆದಿಟ್ಟಿದ್ದಾರೆ. 62 ಪುಟ ಬದಲಾಗಲು ಕೆಲವು ಸೆಕೆಂಡು, ತಿದ್ದಲು ನನಗೆ ಮೂರು ವಾರ. ಮುಖ್ಯ ತೊಡಕು ಅರ್ಕಾವೊತ್ತಿನದು. ಹಳೆಯ ಪದ್ಧತಿಯಲ್ಲಿ ಅದು ಕಣ್ಣಿಗೆ ಕಾಣುವ ಜಾಗದಲ್ಲೇ, ಅಂದರೆ ಅಕ್ಷರ ಆದ ಮೇಲೆ ಬರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮ, ಅಂದರೆ ರ್ ಮೊದಲು. ಈ ಅದಲುಬದಲು ಮಾಡಲು ಪರಿವರ್ತಕ ಮರೆತರೆ ‘ವರ್ಷ’ ಹೋಗಿ ‘ವಷರ್’ ಆಗುತ್ತದೆ, ‘ಧರ್ಮ’ ‘ಧಮರ್’ ಆಗುತ್ತದೆ. ಅಂತರ್ಜಾಲದಲ್ಲಿ ‘ಕನಾರ್ಟಕ’ ಎಂದು ಓದಿ ಯಾರೋ ಕಾಗುಣಿತ ಬಾರದವರು ಬರೆದರೆಂದು ನೀವು ನಕ್ಕಿದ್ದರೆ, ತಪ್ಪು ಬರೆದವರದ್ದಲ್ಲ, ಇಂಥ ಒಂದು ಪರಿವರ್ತನೆಯದ್ದು. ಇನ್ನೊಂದು ತೊಡಕು ನಗು ತರಿಸಿತು. ಅಪ್ಪ ಒಂದು ಕಡೆ ತಮ್ಮ ಎಲ್‌ಐಸಿ ಪಾಲಿಸಿಯ ಕಥೆ ಬರೆದು, ಆ ಮೂರು ಅಕ್ಷರಗಳನ್ನು ಇಂಗ್ಲಿಷಿನಲ್ಲೇ ಟೈಪಿಸಿದ್ದರು. ಹಳೆಯ ಸಂಕೇತದಲ್ಲಿ ಎಲ್ ಎಂದರೆ ಐ, ಸಿ ಎಂದರೆ ಅ, ನಡುವಿನದು ಮಾತ್ರ ಇದ್ದಂತೆ ಉಳಿಯಿತು. ಪರಿವರ್ತಕ ಶ್ರದ್ಧೆಯಿಂದ ‘ಐIಅ’ ಎಂದು ಬರೆದುಕೊಟ್ಟಿತು. ನಮ್ಮ ಮನೆಯಲ್ಲಿ ಈಗ ವಿಮೆಗೆ ಐIಅ ಎಂದೇ ಹೆಸರು.

ಕಡತ ಎಂಬ ಪದವನ್ನು ನಾನು ಬೇಕೆಂದೇ ಬಳಸುತ್ತಿದ್ದೇನೆ. ಕಚೇರಿಗಳ ‘ಕಡತ ವಿಲೇವಾರಿ’ಯಲ್ಲಿ ಅದು ಫೈಲ್ ಆಗುವ ಮೊದಲು ಒಂದು ವಸ್ತುವಾಗಿತ್ತು. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಪ್ಪು ಮಾಡಿ, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಪುಸ್ತಕ. ಬಳಪದಲ್ಲಿ ಬರೆಯುವುದು, ಬೇಕೆಂದರೆ ಅಳಿಸಿ ಬರೆಯುವುದು. ಶೃಂಗೇರಿ ಮಠದಲ್ಲಿ ಅಂಥ ಕಡತಗಳ ದೊಡ್ಡ ಸಂಗ್ರಹವೇ ಇದೆ, ಇತಿಹಾಸಕಾರರು ಅವನ್ನು ಓದಿ ಆ ಕಾಲದ ಲೆಕ್ಕಪತ್ರ, ವ್ಯವಹಾರ ತಿಳಿಯುತ್ತಾರೆ. ಅಕ್ಷರ ಬಲ್ಲವರಿಗೆ ಅದನ್ನು ತೆರೆಯಲು ದೀಪ ಸಾಕು. ಅದೇ ಮಲೆನಾಡು ಕರಾವಳಿಯ ಅಟ್ಟಗಳಲ್ಲಿರುವ ತಿಗಳಾರಿ ಲಿಪಿಯ ತಾಳೆಗರಿಗಳ ಪಾಡು ಬೇರೆ. ಗರಿ ಗಟ್ಟಿಯಾಗಿದೆ, ಹುಳು ಹಿಡಿದಿಲ್ಲ, ಗಂಟು ಬಿಚ್ಚಿದರೆ ಓದುವವರು ಮನೆಯಲ್ಲಿಲ್ಲ. ಅಜ್ಜನ ಕಾಲದಲ್ಲಿ ಅದನ್ನು ಪೂಜೆಗಿಟ್ಟರು, ಕಳೆದಿಲ್ಲ ಎಂಬ ಸಮಾಧಾನದಲ್ಲಿ. ಆ ಲಿಪಿಗೆ ಯೂನಿಕೋಡಿನಲ್ಲಿ ಜಾಗ ಸಿಕ್ಕಿದ್ದು 2024ರ ಸೆಪ್ಟೆಂಬರಿನಲ್ಲಿ, ತುಳು-ತಿಗಳಾರಿ ಎಂಬ ಹೆಸರಿನಲ್ಲಿ. ಹಾರ್ಡ್‌ಡಿಸ್ಕನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಡುವ ನಮ್ಮ ಬ್ಯಾಕಪ್ ಭಕ್ತಿ ನನಗೆ ಆ ತಾಳೆಗರಿಯ ಪೂಜೆಯನ್ನೇ ನೆನಪಿಸುತ್ತದೆ. ಹತ್ತು ನಕಲು ಮಾಡಿದರೂ ಪೌಂಡ್ ಚಿಹ್ನೆ ಪೌಂಡ್ ಚಿಹ್ನೆಯೇ.

ಅದಕ್ಕೇ ನಾನು ಮಿತ್ರರ ಮಾತನ್ನು ತಿರುಗಿಸಿ ಹೇಳುತ್ತೇನೆ. ಹಳೆಯ ಕಡತಗಳ ಮೇಲೆ ಪ್ರೀತಿ ಇರುವವರು ಎರಡನೆಯ ಓಎಸ್ ಹಾಕಬಾರದು ಎಂದು ಅವರು. ಪ್ರೀತಿ ಇರುವವರೇ ಮೊದಲು ಹಾಕಬೇಕು ಎಂದು ನಾನು. ಹಳೆಯ ಓಎಸ್ ಜೀವಂತವಾಗಿರುವಾಗಲೇ ಹಾಕಬೇಕು. ಆಗ ತೆರೆಯದ ಕಡತ ಯಾವುದು, ಅದಕ್ಕೆ ಬೇಕಾದ ಫಾಂಟು ಯಾವುದು, ತಂತ್ರಾಂಶ ಯಾವುದು ಎಂದು ಹಿಂದಿರುಗಿ ಹೋಗಿ ನೋಡಿಕೊಂಡು ಬರಲು ದಾರಿ ಇರುತ್ತದೆ. ಆಗಿನ ಕೆಲವು ಕನ್ನಡ ಡಿಟಿಪಿ ತಂತ್ರಾಂಶಗಳು ಕಂಪ್ಯೂಟರಿನ ಹಿಂಬದಿಗೆ ಸಿಕ್ಕಿಸುವ ಡಾಂಗಲ್ ಇಲ್ಲದೆ ಏಳುತ್ತಲೇ ಇರಲಿಲ್ಲ. ಆ ಡಾಂಗಲ್ ಕಳೆದ ಮೇಲೆ, ಆ ಯಂತ್ರ ಗುಜರಿಗೆ ಹೋದ ಮೇಲೆ, ಸಿಡಿಯಲ್ಲಿ ಉಳಿದ ಪುಟಗಳಿಗೆ ಯಾರು ಜವಾಬು ಕೊಡುತ್ತಾರೆ? ಯಂತ್ರ ಕೆಟ್ಟು ಹೊಸದು ಕೊಂಡಾಗ ಎದುರಾಗುವ ಪ್ರಶ್ನೆಯೇ ಇದು, ಎರಡು ಓಎಸ್ ಪಕ್ಕಪಕ್ಕ ಇದ್ದಾಗ ಪುಕ್ಕಟೆಯಾಗಿ, ಅಪಾಯವಿಲ್ಲದೆ, ಮುಂಚೆಯೇ ಎದುರಾಗುತ್ತದೆ.

‘ಸಾಮಾನ್ಯ ಮನುಷ್ಯನಿಗೆ ಇಷ್ಟೆಲ್ಲ ಯಾಕೆ ತಿಳಿದಿರಬೇಕು?’ ಎಂಬುದು ಮಿತ್ರರ ಕೊನೆಯ ಬಾಣ. ಎಲ್ಲಕ್ಕಿಂತ ಗಟ್ಟಿಯಾದದ್ದೂ ಅದೇ, ಒಪ್ಪುತ್ತೇನೆ. ಎನ್‌ಟಿಎಫ್‌ಎಸ್ ಎಂದರೇನು ಎಂದು ತಿಳಿಯದವರಿಗೂ ತಮ್ಮ ಮದುವೆಯ ಫೋಟೋ ಸಿಗಬೇಕು. ಯಂತ್ರಗಳನ್ನು ಮಾಡುವವರು ಅದನ್ನು ಇನ್ನೂ ಸುಲಭ ಮಾಡಬೇಕಿತ್ತು. ಆದರೆ ನಮ್ಮ ಹಳ್ಳಿಯ, ಶಾಲೆಯ ಮೆಟ್ಟಿಲು ಹತ್ತದ ಹಿರಿಯರಿಗೆ ಪಹಣಿ, ಹಿಸ್ಸೆ, ಪೋಡಿ, ಖಾತೆ, ಮ್ಯುಟೇಶನ್ ಎಲ್ಲ ನಾಲಿಗೆಯ ತುದಿಯಲ್ಲಿರುತ್ತವೆ. ಅವರೇನೂ ಕಾನೂನು ಓದಿದವರಲ್ಲ. ಹೊಲ ತಮ್ಮದು ಎಂಬ ಕಾರಣಕ್ಕೆ ಕಲಿತರು. ಇಪ್ಪತ್ತು ವರ್ಷದ ಫೋಟೋ, ಪತ್ರ, ಲೆಕ್ಕ, ಅಪ್ಪನ ಬರಹ ಇರುವ ಡಿಸ್ಕಿನ ಬಗ್ಗೆ ಐದು ಪದ ಕಲಿಯುವುದು ಅದಕ್ಕಿಂತ ಹೆಚ್ಚಿನ ಹೊರೆ ಎಂದು ನನಗೆ ಅನ್ನಿಸುವುದಿಲ್ಲ. ಇದನ್ನು ಹೇಳಿದಾಗ ಮಿತ್ರರು ಸುಮ್ಮನಿದ್ದರು. ಒಪ್ಪಿದರೆಂದು ನಾನು ತಿಳಿದಿಲ್ಲ. ಮುಂದಿನ ವಾರ ತಮ್ಮ ಹಳೆಯ ಡೆಸ್ಕ್‌ಟಾಪಿನ ಒಂದು ಕಡತವನ್ನು ಪೆನ್‌ಡ್ರೈವಿನಲ್ಲಿ ತಂದು ‘ಇದು ನಿಮ್ಮಲ್ಲಿ ತೆರೆಯುತ್ತಾ ನೋಡಿ’ ಎಂದರು. ಬ್ಯಾಂಕಿನ ನೌಕರರ ಸಂಘದ ಸ್ಮರಣ ಸಂಚಿಕೆಗೆ ಅವರು ಬರೆದ ಲೇಖನ ಅದು. ಏಳು ಚಿಹ್ನೆಗಳ ಗೊಂಚಲು ಅಲ್ಲೂ ಇತ್ತು.

ಅಪ್ಪನ ಬರಹ ಈಗ ಯೂನಿಕೋಡಿನಲ್ಲಿದೆ, ಸಾದಾ ಪಠ್ಯವಾಗಿ ಒಂದು ಪ್ರತಿ, ಓಡಿಟಿ ಕಡತವಾಗಿ ಇನ್ನೊಂದು. 2005ರ ಮೂಲವನ್ನು ಅದರ ಫಾಂಟಿನ ಸಮೇತ ಹಾಗೇ ಉಳಿಸಿಕೊಂಡಿದ್ದೇನೆ, ಯಾಕೆಂದರೆ ತಿದ್ದುವಾಗ ನಾನೆಲ್ಲಿ ತಪ್ಪಿದ್ದೇನೋ ಗೊತ್ತಿಲ್ಲ. ‘ಬಾವಿ’ ಎಂದು ಹುಡುಕಿದರೆ ಹನ್ನೊಂದು ಕಡೆ ಸಿಗುತ್ತದೆ.

ನಿಮ್ಮ ಮನೆಯಲ್ಲೂ 2010ಕ್ಕಿಂತ ಹಿಂದೆ ಟೈಪಾದ ಒಂದು ಕನ್ನಡ ಕಡತ ಇದ್ದೇ ಇರುತ್ತದೆ: ಒಂದು ಕವಿತೆ, ಒಂದು ವಂಶವೃಕ್ಷ, ಸಂಘದ ನಡಾವಳಿ. ಈ ವಾರ ಅದನ್ನು ಹುಟ್ಟಿದ ಯಂತ್ರದಲ್ಲಿ ಬೇಡ, ಇನ್ನೊಂದರಲ್ಲಿ ತೆರೆಯಿರಿ. ಅದರಲ್ಲಿದೆ ಎಂದು ನಿಮಗೆ ಖಾತ್ರಿ ಇರುವ ಒಂದು ಪದವನ್ನು ಹುಡುಕಿ ನೋಡಿ. ಸಿಗದಿದ್ದರೆ, ಹಳೆಯ ಯಂತ್ರವನ್ನು ಇನ್ನೂ ಗುಜರಿಗೆ ಹಾಕಬೇಡಿ.